ಒಂಬತ್ತನೆಯ ಹಿಮಬಾವಿ

"ಅಲ್ಲೇ ನಿಂತ್ಕೊಳ್ಳಿ. ಒಂದು ಹೆಜ್ಜೆನೂ ಮುಂದೆ ಇಡ್ಬೇಡಿ."

ಗಂಡಸಿನ ದನಿ. ಕೂಗಿದ್ದಲ್ಲ, ಮೆಲ್ಲಗೆ ಹೇಳಿದ್ದು. ಆ ಮೆಲುದನಿಯೇ ಪೊಲೋನಾಳ ಎದೆಯಲ್ಲಿ ಚಳಿ ಹುಟ್ಟಿಸಿತು.

ಮಾರ್ಚ್ ತಿಂಗಳ ಕೊನೆಯ ವಾರ. ಟ್ರೆಂಟಾ ಕಣಿವೆಯ ಕಟ್ಟಕಡೆಯ ಮನೆಯಿಂದ ನಸುಕಿನಲ್ಲೇ ಹೊರಟು, ಹತ್ತುವಾಗ ಜಾರದಂತೆ ಸ್ಕೀಗಳ ಅಡಿಗೆ ಒರಟು ಪಟ್ಟಿ ಅಂಟಿಸಿಕೊಂಡು, ಮೂರು ಗಂಟೆ ಏರಿ ಅವಳು ಕರಿಕೊಪ್ಪರಿಗೆಗೆ ಬಂದಿದ್ದಳು. ಮೂರು ಕಡೆ ಕಲ್ಲಿನ ಗೋಡೆ, ನಡುವೆ ಬಿಸಿಲು ತಡವಾಗಿ ಇಳಿಯುವ ಹಿಮದ ಬಟ್ಟಲು. ಊರಿನವರು ಈಗ ಇಲ್ಲಿಗೆ ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಿಲ್ಲ, ಆದರೂ ಬರುವುದಿಲ್ಲ.

"ಕೆಳಗೆ ನೋಡ್ಬೇಡಿ. ನನ್ನ ನೋಡಿ. ಹಾಗೇ ಮಗ್ಗುಲಿಗೆ ಒರಗಿ ಮಲಕ್ಕೊಳ್ಳಿ. ನಿಧಾನ."

ಅವಳು ಕೆಳಗೆ ನೋಡಿದಳು. ಹಿಮ ಬೆಳ್ಳಗೆ, ಸಮತಟ್ಟಾಗಿತ್ತು. ಆದರೆ ಅದರ ಅಡಿಯಿಂದ ಒಂದು ಸದ್ದು ಬರುತ್ತಿತ್ತು... ಖಾಲಿ ಹಂಡೆಯೊಳಗೆ ಯಾರೋ ಉಸಿರು ಬಿಟ್ಟಂತೆ.

ಹಗ್ಗದ ತುದಿ ಹಾರಿ ಬಂದು ಅವಳ ಮೊಣಕೈ ಬಳಿ ಬಿತ್ತು. ಅದನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಮಲಗಿದಳು. ಆತ ಎಳೆದ. ನಾಲ್ಕು ಮಾರು ಜಾರಿ ಬಂದಿದ್ದಳೋ ಇಲ್ಲವೋ, ಅವಳು ನಿಂತಿದ್ದ ಜಾಗ ಹಪ್ಪಳದಂತೆ ಮುರಿದು ಒಳಗೆ ಹೋಯಿತು. ಅಲ್ಲೊಂದು ಕಪ್ಪು ಬಾಯಿ ತೆರೆದುಕೊಂಡಿತು. ಬಿದ್ದ ಹಿಮ ತಳ ಮುಟ್ಟಿದ ಸದ್ದು ಬರುವಷ್ಟರಲ್ಲಿ ಅವಳು ಎರಡು ಸಲ ಉಸಿರಾಡಿದ್ದಳು.

ಆತ ಅವಳನ್ನು ಎಬ್ಬಿಸಿ ಕೂರಿಸಿದ. ಮೂವತ್ತೈದರ ಆಸುಪಾಸಿನವನು. ತುಟಿ ಬಿಸಿಲಿಗೆ ಒಡೆದಿತ್ತು. ಬೆರಳುಗಳ ತುಂಬ ಹಳೆಯ ಗಾಯದ ಗುರುತು. ಒಬ್ಬಳೇ ಇಂಥ ಕಡೆ ಬರಲು ತಲೆ ಸರಿ ಇದೆಯಾ ಎಂದು ಗದರಿದ. ನೀವೂ ಒಬ್ಬರೇ ಬಂದಿದ್ದೀರಲ್ಲ ಎಂದು ಅವಳು ತಿರುಗಿಸಿ ಕೇಳಿದಳು.

"ನನ್ ಸೊಂಟಕ್ಕೆ ಹಗ್ಗ ಇದೆ."

"ನಮ್ಮಪ್ಪ ಇಲ್ಲೆಲ್ಲೋ ಇದ್ದಾರೆ," ಎಂದಳು ಪೊಲೋನಾ. "ಹಗ್ಗ ಇಲ್ದೇನೇ."

ಆತ ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಹಗ್ಗವನ್ನು ಸುರುಳಿ ಸುತ್ತುತ್ತ, ತನ್ನ ಹೆಸರು ಗಾಶ್ಪರ್ ಎಂದಷ್ಟೇ ಹೇಳಿದ.

ಹೋದ ವರ್ಷ ಏಪ್ರಿಲಿನಲ್ಲಿ ನಡೆದದ್ದು ಕಣಿವೆಗೆಲ್ಲ ಗೊತ್ತು. ಪೊಲೋನಾಳ ತಂದೆ ವಿಂಕೊ ಮತ್ತು ತಾಯಿ ಮಾರ್ಯೇತಾ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಲು ಬರುವವರಿಗೆ ಊಟ ವಸತಿ ಕೊಡುವ ಮನೆ ನಡೆಸುತ್ತಿದ್ದರು. ಅಂದು ಮಾರಿಬೋರ್ ಕಡೆಯ ಅತಿಥಿಯೊಬ್ಬ ಬೆಳಗ್ಗೆ ಒಬ್ಬನೇ ಮೇಲೆ ಹೋದವನು ಮಧ್ಯಾಹ್ನ ಎರಡಾದರೂ ಬರಲಿಲ್ಲ. ಮೇಲೆ ಮಂಜು ಕವಿದಿತ್ತು. ಅರವತ್ತೇಳರ ವಿಂಕೊ, ರಕ್ಷಣಾ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ದಳದವರು ಬರುವವರೆಗೂ ಕಾಯಲಿಲ್ಲ. ಹಿಮದಡಿ ಸಿಕ್ಕವರನ್ನು ಹುಡುಕಿಕೊಡುವ ಸಿಗ್ನಲ್ ಯಂತ್ರವನ್ನೂ ಒಯ್ಯಲಿಲ್ಲ. ಐದು ಗಂಟೆಗೆ ಕರಿಕೊಪ್ಪರಿಗೆಯ ಗೋಡೆಯಿಂದ ಹಿಮ ಕುಸಿದ ಸದ್ದು ಕೆಳಗಿನ ಚರ್ಚಿನವರೆಗೂ ಕೇಳಿಸಿತು.

ಆ ಮಾರಿಬೋರಿನವನೋ, ಮಂಜಿನಲ್ಲಿ ದಾರಿ ತಪ್ಪಿ ಬೆಟ್ಟದ ಆಚೆ ಬೋಹಿನ್ ಕಡೆಗೆ ಇಳಿದು, ಕೂದಲೂ ಕೊಂಕದೆ ಬದುಕಿದ್ದ. ಒಂದು ಫೋನ್ ಮಾಡಲಿಲ್ಲವಂತೆ. ಮರುದಿನ ಕಾರು ಒಯ್ಯಲು ಬಂದವನು ಹುಡುಕುವವರ ಸಾಲಿನಲ್ಲಿ ಕೋಲು ಹಿಡಿದು ನಿಂತನಂತೆ. ಸಂಜೆಗೆ ಊರಿನವರೇ ಅವನ ಕೋಲು ಕಿತ್ತುಕೊಂಡು ಕಳಿಸಿದರಂತೆ.

ಪೊಲೋನಾ ಆಗ ನಾರ್ವೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬಿರುಗಾಳಿಯಿಂದ ವಿಮಾನ ತಡವಾಗಿ ಮೂರನೆಯ ದಿನ ಮನೆ ತಲುಪಿದಳು. ಒಂಬತ್ತು ದಿನ ಹುಡುಕಿದರು. ಅಪ್ಪ ಸಿಗಲಿಲ್ಲ. ಬೇಸಿಗೆಯಲ್ಲಿ ಬಯಲಿನ ಹಿಮ ಕರಗಿದಾಗಲೂ ಸಿಗಲಿಲ್ಲ. ಆ ಬಟ್ಟಲಿನ ತಳದಲ್ಲಿ ಸುಣ್ಣಕಲ್ಲನ್ನು ನೀರು ಕೊರೆದು ಮಾಡಿದ ಒಂಬತ್ತು ಆಳದ ಬಾವಿಗಳಿವೆ. ಕುಸಿದ ಹಿಮ ಅವನ್ನೆಲ್ಲ ಬಾಯಿಯವರೆಗೆ ತುಂಬಿ, ಸೆಪ್ಟೆಂಬರಿನಲ್ಲೂ ಕರಗದೆ ಕೂತಿತ್ತು. ಅವಳು ನಾರ್ವೆಗೆ ಮರಳಲಿಲ್ಲ.

ಈ ಚಳಿಗಾಲ ಹಿಮ ಕಡಿಮೆ ಬಿದ್ದಿತ್ತು. ಬಾವಿಗಳ ಹಿಮ ಕೆಳಗೆ ಕುಗ್ಗಿ, ಕಲ್ಲಿಗೂ ಹಿಮಕ್ಕೂ ನಡುವೆ ಬಿರುಕು ಬಿಟ್ಟಿತ್ತು. ಅಪ್ಪ ಇದ್ದರೆ ಇಲ್ಲೇ ಇರಬೇಕು...

ಅದೇ ಲೆಕ್ಕ ಗಾಶ್ಪರನದೂ ಆಗಿತ್ತು ಎಂಬುದು ಅವಳಿಗೆ ಅಂದೇ ತಿಳಿಯಿತು. ಅವನು ಬಾವಿಗಳ ನಕ್ಷೆ ಬರೆದುಕೊಂಡಿದ್ದ. ಮೂರಕ್ಕೆ ಇಳಿದು ನೋಡಿಯೂ ಆಗಿತ್ತು. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಕಳೆದ ವರ್ಷದ ಸುದ್ದಿ ಕೇಳಿದ್ದೆ, ಹಗ್ಗದ ಮೇಲೆ ಕೆಲಸ ಮಾಡುವವನು ನಾನು, ಚರ್ಚುಗಳ ಗೋಪುರದ ಛಾವಣಿ ರಿಪೇರಿ ಮಾಡುತ್ತೇನೆ, ನನ್ನಿಂದಾಗುವುದು ಇದೊಂದೇ ಎಂದ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಪೊಲೋನಾ ಅಂದು ಅಷ್ಟು ದೂರ ಯೋಚಿಸಲಿಲ್ಲ.

ಒಂದು ವರ್ಷದಿಂದ ಅವಳ ಜೊತೆ ಯಾರೂ ಹುಡುಕಿರಲಿಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

ಅಂದಿನಿಂದ ಇಬ್ಬರೂ ಸೇರಿ ಹುಡುಕತೊಡಗಿದರು. ಗಾಶ್ಪರ್ ಬೇಸಿಗೆಯಲ್ಲಿ ಕುರುಬರು ಚೀಸ್ ಮಾಡುವ ಖಾಲಿ ಗುಡಿಸಿಲಿನಲ್ಲಿ ತಂಗಿದ್ದ. ಹಿಮ ಕಲ್ಲಿನಂತೆ ಗಟ್ಟಿಯಾಗಿರುವ ಹೊತ್ತಿನಲ್ಲಿ ಇಬ್ಬರೂ ಮೇಲೇರುತ್ತಿದ್ದರು. ಅವನು ಬಾವಿಗಿಳಿಯುತ್ತಿದ್ದ, ಅವಳು ಬಾವಿಯ ಬಾಯಲ್ಲಿ ಕೂತು ಹಗ್ಗ ಕಾಯುತ್ತಿದ್ದಳು. ಹನ್ನೊಂದಕ್ಕೆ ಸರಿಯಾಗಿ ಜಾರಿ ಇಳಿದುಬಿಡಬೇಕು. ಆಮೇಲೆ ಬಿಸಿಲು ಗೋಡೆಯ ಮೇಲೆ ಬಿದ್ದು ಹಿಮ ಸಡಿಲವಾಗುತ್ತದೆ.

ನಾಲ್ಕನೆಯ ಬಾವಿಯಲ್ಲಿ ಒಂದು ಕಾಡುಮೇಕೆಯ ಅಸ್ಥಿ. ಐದರಲ್ಲಿ ಏನೂ ಇಲ್ಲ. ಆರರಲ್ಲಿ ನೀರಿನ ಸದ್ದು ಮಾತ್ರ. ಏಳು, ಎಂಟರಲ್ಲಿ ಬರೀ ಹಿಮ.

ಗೋಡೆಯ ನೆತ್ತಿಯ ಅಂಚಿನಲ್ಲಿ ಹಿಮ ಮನೆಯ ಸೂರಿನಂತೆ ಚಾಚಿಕೊಂಡಿತ್ತು. ದಿನದಿನಕ್ಕೆ ಅದು ಮುಂದಕ್ಕೆ ಬಾಗುತ್ತಿತ್ತು. ಹಳದಿ ಕೊಕ್ಕಿನ ಕಾಗೆಗಳು ಅದರ ಕೆಳಗೆ ಸುತ್ತುತ್ತಿದ್ದವು, ಒಮ್ಮೆಯೂ ಅದರ ಮೇಲೆ ಕೂರುತ್ತಿರಲಿಲ್ಲ. ಗಾಶ್ಪರ್ ಮಾತಿನ ನಡುವೆ ತಲೆಯೆತ್ತಿ ಅದನ್ನೇ ನೋಡುತ್ತಿದ್ದ. ಅವಳು ನೋಡದ ಹಾಗೆ ಇರುತ್ತಿದ್ದಳು.

ಮನೆಗೆ ಬಂದು ಬಿಸಿ ಊಟ ಮಾಡಿ ಹೋಗು ಎಂದು ಎಷ್ಟು ಕರೆದರೂ ಅವನು ಬರಲಿಲ್ಲ. ಪ್ರತಿ ಸಲವೂ ಒಂದು ನೆವ. ನಾಚಿಕೆ ಇರಬೇಕು ಎಂದುಕೊಂಡು ಅವಳೇ ಹುಳಿ ಎಲೆಕೋಸು ಬೀನ್ಸಿನ ಸಾರನ್ನು ಫ್ಲಾಸ್ಕಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದಳು.

ಈಸ್ಟರ್ ಸೋಮವಾರ ಅಕ್ರೋಟು ತುಂಬಿದ ಸುರುಳಿ ರೊಟ್ಟಿಯ ಎರಡು ತುಂಡು, ಕೆಂಪು ಬಣ್ಣ ಹಚ್ಚಿದ ಎರಡು ಮೊಟ್ಟೆ ತಂದಳು. ಗುಡಿಸಿಲಿನ ಮೆಟ್ಟಿಲ ಮೇಲೆ ಕೂತು ತಿಂದರು. ಕಣಿವೆಯಿಂದ ಚರ್ಚಿನ ಗಂಟೆ ಕೇಳಿಸಿತು. ಆ ಗಂಟೆಯಲ್ಲಿ ಸಣ್ಣ ಬಿರುಕಿದೆ, ಕೇಳಿಸ್ತಾ ಎಂದ ಗಾಶ್ಪರ್. ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದ ಅವಳಿಗೆ ಅದು ಮೊದಲ ಬಾರಿ ಕೇಳಿಸಿತು. ಇನ್ನು ಮೇಲೆ ಅದು ಹಾಗೇ ಕೇಳಿಸುತ್ತದಲ್ಲ, ಹಾಳು ಮಾಡಿಬಿಟ್ಟೆ ಎಂದು ಬೈದಳು. ಅವನು ನಕ್ಕ. ಅವನು ನಕ್ಕಿದ್ದನ್ನು ಅವಳು ಅಂದೇ ನೋಡಿದ್ದು.

ಅವನ ಕೆನ್ನೆಗೆ ಅಂಟಿದ್ದ ಅಕ್ರೋಟಿನ ಚೂರನ್ನು ಒರೆಸಲು ಹೋದ ಕೈ ಅಲ್ಲೇ ನಿಂತಿತು.

ಮುತ್ತು ಕೊಟ್ಟಿದ್ದು ಯಾರು ಮೊದಲು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಮೇಲೆಲ್ಲೋ ಗುಡುಗಿನಂಥ ಸದ್ದಾಯಿತು. ಹಿಮದ ಸೂರಿನ ಒಂದು ತುಂಡು ಮುರಿದು ಗೋಡೆಯ ಕೆಳಗೆ ಪುಡಿಯಾಗಿ ಹರಡಿತು. ಗಾಶ್ಪರ್ ಬೆಚ್ಚಿ ಅವಳಿಂದ ಬಿಡಿಸಿಕೊಂಡ.

"ಪೊಲೋನಾ, ನಿನಗೊಂದು ವಿಷಯ ಹೇಳ್ಬೇಕು..."

"ಹೇಳು."

ಅವನು ಗೋಡೆಯ ಕಡೆ ತಲೆಯೆತ್ತಿ ನೋಡಿದ. ಆಮೇಲೆ, ಬೇಗ ಕೆಳಗೆ ಹೋಗು, ಬಿಸಿಲು ಏರ್ತಿದೆ ಎಂದ.

*

ಅಂದು ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಪೊಲೋನಾ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಮಗಳು ಒಬ್ಬಳೇ ಹುಡುಕುತ್ತಿದ್ದಾಳೆ ಎಂದುಕೊಂಡಿದ್ದ ಮಾರ್ಯೇತಾ, ಯಾರೋ ಜೊತೆಗಿದ್ದಾರೆ ಎಂದು ಕೇಳಿ ಮೊದಲು ಸಮಾಧಾನಪಟ್ಟಳು. ಗೋಪುರದ ಛಾವಣಿ ಕೆಲಸದವನು ಎಂದಾಗ ಅವಳ ಕೈ ನಿಂತಿತು. ಹೆಸರು ಹೇಳಿದಾಗ ಚಾಕು ಬಟ್ಟಲಿಗೆ ಬಿತ್ತು.

ಗಂಡ ಸತ್ತಾಗಿನಿಂದ ಮಾರ್ಯೇತಾ ಅಂಗಳದ ಗೇಟು ದಾಟಿರಲಿಲ್ಲ. ಬೆಟ್ಟದ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಳು. ಮಗಳ ಮುಖ ನೋಡದೆ ಅವಳು ಹೇಳಿದಳು:

"ಅವನು ಯಾರು ಅಂತ ನಿಂಗೆ ಗೊತ್ತೇನೇ?"

ಮಗಳು ಸುಲಿಯುತ್ತಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟಳು.

"ಮಾರಿಬೋರಿನವನು. ನಿಮ್ಮಪ್ಪ ಹುಡುಕ್ಕೊಂಡು ಹೋಗಿದ್ದು ಅವನನ್ನೇ."

ಆ ರಾತ್ರಿ ಪೊಲೋನಾ ಮಲಗಲಿಲ್ಲ. ಅವನು ಮನೆಗೆ ಬಾರದ ನೆವಗಳು ಒಂದೊಂದಾಗಿ ಬಂದು ಎದುರಿಗೆ ಕೂತವು. ಅವನು ಬಾಯಿ ತೆರೆದು ಮುಚ್ಚಿದ ಗಳಿಗೆಗಳೂ ಬಂದವು. 'ನನ್ನ ಕೈ ಅವನ ಕೆನ್ನೆ ಮುಟ್ಟಿತ್ತು... ಅಪ್ಪನನ್ನು ಕೊಂದವನ ಕೆನ್ನೆ...'

ಬೆಳಕು ಹರಿಯುತ್ತಲೇ ಗುಡಿಸಿಲಿಗೆ ಹೋದಳು. ಅವನು ಬಾಗಿಲಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ. ಅವಳ ಮುಖ ನೋಡಿದ್ದೇ ಎಲ್ಲ ತಿಳಿದು ಎದ್ದು ನಿಂತ.

"ನೀನೇನಾ?"

"ಹೌದು."

"ನೀನು ಕೆಳಗಿಳಿದಾಗ ಎಷ್ಟು ಗಂಟೆ?"

"ಎರಡಾಗಿತ್ತು."

"ಅಲ್ಲಿ ಒಂದು ಮನೆ ಇರ್ಲಿಲ್ವಾ? ಒಂದು ಫೋನ್ ಇರ್ಲಿಲ್ವಾ?"

ಗಾಶ್ಪರ್ ಕಟ್ಟದೆ ಬಿಟ್ಟ ಲೇಸನ್ನು ನೋಡಿದ.

"ಒಂದು ಫೋನ್ ಮಾಡಿದ್ರೆ ನಮ್ಮಪ್ಪ ಬದುಕಿರ್ತಿದ್ರು."

"ಹೌದು," ಎಂದ ಅವನು. "ಬದುಕಿರ್ತಿದ್ರು."

ಒಂದು ಸಮಜಾಯಿಷಿ ಕೊಟ್ಟಿದ್ದರೂ ಅವಳು ಅದರ ಮೇಲೆ ಬಿದ್ದು ಹರಿದು ಹಾಕುತ್ತಿದ್ದಳು. ಅವನು ಅದನ್ನೂ ಕೊಡಲಿಲ್ಲ. ಕಣ್ಣಿಗೆ ಬೀಳಬೇಡ, ಇವತ್ತೇ ಈ ಕಣಿವೆ ಬಿಟ್ಟು ಹೋಗು ಎಂದಳು. ಒಂಬತ್ತನೆಯ ಬಾವಿಯೊಂದು ಬಾಕಿ ಇದೆ ಎಂದ ಅವನು; ಅದು ಗೋಡೆಯ ಬುಡದಲ್ಲೇ ಇದೆ, ಹಿಮದ ಸೂರಿನ ನೇರ ಕೆಳಗೆ, ಅದಕ್ಕೇ ಕೊನೆಗೆ ಬಿಟ್ಟಿದ್ದೆ. ಅದೊಂದನ್ನು ನೋಡಿ ಹೋಗುತ್ತೇನೆ ಎಂದು ಅವನು ಕೇಳಿಕೊಂಡ. ಎಲ್ಲಾದರೂ ಹಾಳಾಗಿ ಹೋಗು ಎಂದು ಅವಳು ಸ್ಕೀ ತಿರುಗಿಸಿದಳು.

ಆ ಮಾತು ಅವಳನ್ನು ಮೂರು ದಿನ ಬಿಡಲಿಲ್ಲ.

ಮೊದಲ ದಿನವೇ ದಕ್ಷಿಣದ ಗಾಳಿ ಬೀಸತೊಡಗಿತು. ಸಮುದ್ರದಾಚೆಯ ಮರಳುಗಾಡಿನ ಧೂಳನ್ನು ಹೊತ್ತು ತರುವ ಬಿಸಿ ಗಾಳಿ. ಎರಡನೆಯ ಬೆಳಗ್ಗೆ ಎದ್ದು ನೋಡಿದರೆ ಬೆಟ್ಟಗಳ ಮೈಮೇಲೆಲ್ಲ ತುಕ್ಕಿನ ಬಣ್ಣ. ಹಿಮ ಕೆಂಪಾಗಿತ್ತು. ಒಣಗಲು ಹಾಕಿದ ಬಟ್ಟೆಯ ಮೇಲೂ ಅದೇ ಕೆಂಪು. ಕೆಂಪು ಹಿಮ ಬಿಸಿಲನ್ನು ಕುಡಿಯುತ್ತದೆ, ಬಿಳಿ ಹಿಮಕ್ಕಿಂತ ಎರಡು ಪಟ್ಟು ಬೇಗ ಸಡಿಲವಾಗುತ್ತದೆ ಎಂಬುದು ಆ ಕಣಿವೆಯ ಮಕ್ಕಳಿಗೂ ಗೊತ್ತು. ರಾತ್ರಿಯೂ ಅದು ಹೆಪ್ಪುಗಟ್ಟಲಿಲ್ಲ. ಸೋಚಾ ನದಿ ಕಲ್ಲುಗಳನ್ನು ಉರುಳಿಸಿಕೊಂಡು ಹರಿಯುವ ಸದ್ದು ಮಲಗುವ ಕೋಣೆಯವರೆಗೂ ಬರುತ್ತಿತ್ತು.

ಮೇಲೆ ಗುಡಿಸಿಲಿನ ಹೊಗೆ ಮಾತ್ರ ಎರಡು ದಿನವೂ ಕಾಣಿಸಿತು. ಅವನು ಹೋಗಿರಲಿಲ್ಲ. ಹಿಮ ಗಟ್ಟಿಯಾಗಲೆಂದು ಕಾಯುತ್ತಿದ್ದ.

ಮೂರನೆಯ ಬೆಳಗ್ಗೆ ಹೊಗೆ ಕಾಣಿಸಲಿಲ್ಲ.

'ಹೋಗಿರಬೇಕು,' ಎಂದುಕೊಂಡಳು ಪೊಲೋನಾ. ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

ಹನ್ನೆರಡೂವರೆಗೆ ಅವಳು ಗೇಟಿನಾಚೆಯ ಸೌದೆ ಕೊಟ್ಟಿಗೆಯಲ್ಲಿದ್ದಳು. ಮೊದಲು ನೆಲ ನಡುಗಿತು. ಆಮೇಲೆ ಸದ್ದು ಬಂತು. ದೊಡ್ಡ ಲಾರಿಯೊಂದು ಕಲ್ಲು ಸುರಿದಂತೆ, ನಿಲ್ಲದೆ, ನಿಲ್ಲದೆ... ಕರಿಕೊಪ್ಪರಿಗೆಯ ಮೇಲಿನ ಆಕಾಶಕ್ಕೆ ಕೆಂಪು ಬೆರೆತ ಬಿಳಿ ಮೋಡ ಎದ್ದಿತು.

ಹಿಂದೆಯೇ ಬಾಗಿಲು ಬಡಿದ ಸದ್ದು. ಒಂದು ವರ್ಷದಿಂದ ಗೇಟು ದಾಟದ ಮಾರ್ಯೇತಾ ಏಪ್ರನ್ನಿನಲ್ಲಿ, ಮನೆಯೊಳಗಿನ ಚಪ್ಪಲಿಯಲ್ಲಿ, ಕೆಸರು ಹಿಮ ತುಳಿಯುತ್ತ ಓಡಿ ಬಂದಳು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

"ಅವನು ಮೇಲಿದ್ದಾನಾ? ಹೇಳೇ, ಅವನು ಮೇಲಿದ್ದಾನಾ?"

ಗೊತ್ತಿಲ್ಲ ಎಂದಳು ಪೊಲೋನಾ. ಅಮ್ಮ ಅವಳ ಎರಡೂ ತೋಳು ಹಿಡಿದಳು.

"ಅವನು ಫೋನ್ ಮಾಡಿದ್ದ ಕಣೇ. ಎರಡು ಗಂಟೆ ಹತ್ತು ನಿಮಿಷಕ್ಕೆ. ನಾನೇ ಎತ್ತಿದ್ದು."

ಅಂದು ಬೆಳಗ್ಗೆಯಿಂದ ಗಂಡ ಹೆಂಡತಿಗೆ ಜಗಳವಾಗಿತ್ತು. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ಇನ್ನು ಬೆಟ್ಟ ಹತ್ತಬಾರದು ಎಂದು ಅವಳು, ನನ್ನನ್ನು ಈಗಲೇ ಹೂಳಿಬಿಡು ಎಂದು ಅವನು. ವಿಂಕೊ ಸಿಟ್ಟಿನಲ್ಲೇ ಹೊರಟ. ಫೋನ್ ಬಂದಾಗ ಅವನಿನ್ನೂ ಕೆಳಗಿನ ಹುಲ್ಲುಗಾವಲು ದಾಟುತ್ತಿದ್ದ. ಕಿಟಕಿಯಿಂದ ಕಾಣಿಸುತ್ತಿದ್ದ. ಮಾರ್ಯೇತಾ ಕಿಟಕಿ ತೆರೆದಳು. ಕೂಗಿದ್ದರೆ ಕೇಳಿಸುತ್ತಿತ್ತು. ಹೋಗಲಿ, ಲಾರ್ಚ್ ತೋಪಿನವರೆಗೆ ಹೋಗಿ ಏದುಸಿರು ಬಿಡುತ್ತ ವಾಪಸ್ ಬರಲಿ, ಆಗ ಹೇಳಿದರಾಯಿತು, ಬುದ್ಧಿ ಬರುತ್ತೆ ಎಂದುಕೊಂಡು ಕಿಟಕಿ ಮುಚ್ಚಿದಳು.

ಮರುದಿನ ಪೊಲೀಸರು ಕೇಳಿದಾಗ ಫೋನ್ ಬರಲೇ ಇಲ್ಲ ಎಂದಳು. ಅದೇ ಹೊತ್ತಿಗೆ ಗಾಶ್ಪರ್ ಬಾಗಿಲಲ್ಲಿ ನಿಂತಿದ್ದ. ಅವಳ ಕಣ್ಣು ನೋಡಿದ. ಪೊಲೀಸರು ಅವನನ್ನು ಕೇಳಿದರು. ಫೋನ್ ಸಿಗಲಿಲ್ಲ ಎಂದುಬಿಟ್ಟ.

"ಊರೆಲ್ಲ ಅವನ ಮುಖಕ್ಕೆ ಉಗೀತು. ನಾನು ನೋಡ್ತಾ ನಿಂತಿದ್ದೆ," ಎಂದಳು ಮಾರ್ಯೇತಾ. "ಇನ್ನೊಬ್ಬ ಅಲ್ಲಿ ಸಾಯೋದನ್ನ ನನ್ ಕೈಲಿ ನೋಡಕ್ಕಾಗಲ್ಲ ಕಣೇ."

ಪೊಲೋನಾ ಅಮ್ಮನ ಕೈಗಳನ್ನು ಬಿಡಿಸಿಕೊಂಡಳು. ಆ ಗಳಿಗೆಯಲ್ಲಿ ಅವಳೊಳಗೆ ಏನಿತ್ತೋ, ಅದಕ್ಕೆ ಹೆಸರಿಡಲು ಸಮಯವಿರಲಿಲ್ಲ.

"ಆಂಜೆಗೆ ಫೋನ್ ಮಾಡು," ಎಂದಳು. "ಈ ಸಲನಾದ್ರೂ ಮಾಡು."

ಆಂಜೆ ರಕ್ಷಣಾ ದಳದ ಮುಖ್ಯಸ್ಥ. ಆ ಗಾಳಿಗೆ ಹೆಲಿಕಾಪ್ಟರ್ ಹಾರುವುದಿಲ್ಲ, ದಳದವರು ನಡೆದೇ ಬರಬೇಕು, ನಾಲ್ಕು ಗಂಟೆಯಾದರೂ ಬೇಕು ಎಂದು ಅವಳಿಗೆ ಗೊತ್ತಿತ್ತು. ಸ್ಕೀ, ಸಲಿಕೆ, ಸಿಗ್ನಲ್ ಯಂತ್ರ ತೆಗೆದುಕೊಂಡು ಹೊರಟಳು.

ಕಣಿವೆಯ ದಾರಿ ಬಿಟ್ಟು ಲಾರ್ಚ್ ಮರಗಳ ದಿಣ್ಣೆ ಹಿಡಿದಳು. ಹಿಮ ಒದ್ದೆ ಸಕ್ಕರೆಯಂತಿತ್ತು. ಹೆಜ್ಜೆಗೊಮ್ಮೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಎಡಬಲದಲ್ಲಿ ಸಣ್ಣ ಸಣ್ಣ ಕುಸಿತಗಳು ಹಾವಿನಂತೆ ಸರಿದು ಹೋಗುತ್ತಿದ್ದವು. ಪ್ರತಿ ಸದ್ದಿಗೂ ನಿಂತು ಮರ ತಬ್ಬಿಕೊಂಡಳು. 'ಎಲ್ಲಾದರೂ ಹಾಳಾಗಿ ಹೋಗು ಅಂದೆನಲ್ಲ... ದೇವರೇ, ಆ ಮಾತು ನಿನ್ನ ಕಿವಿಗೆ ಬಿದ್ದಿರದಿರಲಿ...'

ಕರಿಕೊಪ್ಪರಿಗೆಯ ಗುರುತೇ ಸಿಗಲಿಲ್ಲ. ಗೋಡೆಯ ಮೇಲಿನ ಹಿಮದ ಸೂರು ಪೂರ್ತಿ ಬಿದ್ದಿತ್ತು. ಕಾರಿನ ಗಾತ್ರದ ಕೆಂಪು ಹಿಮಗಡ್ಡೆಗಳು ಬಟ್ಟಲಿನ ತುಂಬ. ಅವನ ಸ್ಕೀಯ ಗುರುತು ಆ ರಾಶಿಯವರೆಗೆ ಹೋಗಿ ನಿಂತಿತ್ತು. ಹೊರಗೆ ಬಂದ ಗುರುತಿರಲಿಲ್ಲ.

ಸಿಗ್ನಲ್ ಯಂತ್ರ ಹಿಡಿದು ನಡೆದಳು. ಮೌನ... ಮೌನ... ಗೋಡೆಯ ಬುಡಕ್ಕೆ ಬಂದಾಗ ಅದು ಗಾಶ್ಪರನ ಮೈಮೇಲಿನ ಯಂತ್ರಕ್ಕೆ ಓಗೊಟ್ಟು ಸಣ್ಣಗೆ ಮಿಡಿಯಿತು. ದೂರ ತೋರಿಸುವ ಅಂಕಿ ಇಪ್ಪತ್ತೆರಡು. ಇಪ್ಪತ್ತೆರಡು ಮೀಟರ್ ಆಳದ ಹಿಮದಡಿ ಯಾರೂ ಬದುಕುವುದಿಲ್ಲ.

ಅವಳು ಅಲ್ಲೇ ಕುಸಿದು ಕೂತಳು. ಆಗ ಕಣ್ಣಿಗೆ ಬಿತ್ತು: ಬಂಡೆಗೆ ಬಿಗಿದ ಕಿತ್ತಳೆ ಬಣ್ಣದ ಹಗ್ಗ. ಬಂಡೆಯ ಈಚೆಗಿನ ಅಂಚಿನಿಂದ ಅದು ಹಿಮಗಡ್ಡೆಗಳ ಅಡಿಗೆ ಹೋಗಿತ್ತು. ಬಾವಿ. ಒಂಬತ್ತನೆಯದು. ಬಾಯಿ ಮುಚ್ಚಿದೆ, ಆದರೆ ಬಂಡೆಯ ಮರೆ ಇದ್ದುದರಿಂದ ರಾಶಿ ಮೇಲಿಂದ ಹಾರಿ ಆಚೆ ಬಿದ್ದಿದೆ, ಒಳಗೆ ತುಂಬಿಲ್ಲ; ಇಪ್ಪತ್ತೆರಡು ಎಂದರೆ ಬಾವಿಯ ಆಳ, ಹಿಮದ್ದಲ್ಲ...

ಹಗ್ಗ ಹಿಡಿದು ಎಳೆದಳು. ಏನೂ ಆಗಲಿಲ್ಲ.

ಇನ್ನೊಮ್ಮೆ ಎಳೆದಳು.

ಹಗ್ಗ ಅವಳ ಕೈಯನ್ನು ತಿರುಗಿ ಎಳೆಯಿತು.

ಮುಕ್ಕಾಲು ಗಂಟೆ ಅಗೆದಳು. ಗೋಡೆಯ ಮೇಲೆ ಉಳಿದಿದ್ದ ಹಿಮದಿಂದ ಹನಿ ಹನಿ ನೀರು ಅವಳ ಬೆನ್ನಿಗೆ ಬೀಳುತ್ತಿತ್ತು. ತಲೆಯೆತ್ತಿ ನೋಡಲಿಲ್ಲ. ಕೊನೆಗೆ ಸಲಿಕೆ ಗಾಳಿಗೆ ತಗುಲಿತು. ತಲೆ ತೂರುವಷ್ಟು ಕಿಂಡಿಯಾಯಿತು.

"ಗಾಶ್ಪರ್."

"ಇಲ್ಲಿದ್ದೀನಿ." ದನಿ ಬಹಳ ಕೆಳಗಿನಿಂದ, ಒಡೆದು ಬಂತು. ಭುಜ ಮುರಿದಿದೆ, ಹತ್ತಲಾಗುವುದಿಲ್ಲ, ಆದರೆ ಉಸಿರಾಡುತ್ತಿದ್ದೇನೆ ಎಂದ. ಆಮೇಲೆ ಹೇಳಿದ:

"ಪೊಲೋನಾ, ನಿಮ್ಮಪ್ಪ ಇಲ್ಲಿದ್ದಾರೆ. ನನ್ ಪಕ್ಕದಲ್ಲೇ ಇದ್ದಾರೆ."

ಅವಳು ಹಣೆಯನ್ನು ಹಿಮಕ್ಕೆ ಒತ್ತಿಕೊಂಡಳು. ಒಂದು ವರ್ಷದಿಂದ ಬಾರದ ಅಳು ಬಂತು. ಅದನ್ನು ಬಾವಿ ಕೇಳಿಸಿಕೊಂಡಿತು, ಅವನೂ ಕೇಳಿಸಿಕೊಂಡ.

"ಯಾವಾಗ ಸಿಕ್ಕಿದ್ರು?"

"ಒಂಬತ್ತು ಗಂಟೆಗೆ. ಮಂಜುಗಡ್ಡೇಲಿ ಕಾಲು ಸಿಕ್ಕಿಕೊಂಡಿತ್ತು. ಬಿಡಿಸ್ತಾ ಇದ್ದೆ."

"ಹನ್ನೊಂದಕ್ಕೆ ಹೊರಡ್ಬೇಕಿತ್ತಲ್ಲ. ಯಾಕೆ ಹೊರಡ್ಲಿಲ್ಲ?"

"ಇನ್ನೊಂದ್ಸಲ ಇವರನ್ನ ಬಿಟ್ಟು ಹೋಗೋಕಾಗ್ಲಿಲ್ಲ."

ಅವಳು ಕಿಂಡಿಯೊಳಗೆ ಕೈ ಚಾಚಿದಳು. ಅವನಿಗೆ ಎಟುಕುವುದಿಲ್ಲ ಎಂದು ಗೊತ್ತಿದ್ದೂ ಚಾಚಿದಳು.

"ಅಮ್ಮ ಎಲ್ಲ ಹೇಳಿದ್ರು," ಎಂದಳು. "ಫೋನ್ ವಿಷಯ."

ಕೆಳಗೆ ಹಗ್ಗ ಒಮ್ಮೆ ಅಲುಗಿತು.

"ನನಗಾದ್ರೂ ಹೇಳ್ಬೋದಿತ್ತಲ್ಲ ನೀನು. ಅವತ್ತು ಬೈದಾಗ್ಲೂ ಸುಮ್ನಿದ್ದೆ."

"ಅಪ್ಪ ಹೋಗಿದ್ರು. ಅಮ್ಮನನ್ನೂ ನಿನ್ನಿಂದ ಕಿತ್ಕೊಳ್ಳೋಕೆ ನಾನ್ಯಾರು?"

ದಳದವರು ಬರುವವರೆಗೂ ಅವಳು ಆ ಕಿಂಡಿಯ ಬಾಯಲ್ಲೇ ಮಲಗಿದ್ದಳು. ನಿದ್ದೆ ಮಾಡಬೇಡ ಎಂದು ಐದು ನಿಮಿಷಕ್ಕೊಮ್ಮೆ ಅವನನ್ನು ಮಾತಾಡಿಸಿದಳು. ಐದೂವರೆಗೆ ಆಂಜೆ ಹತ್ತು ಜನರೊಂದಿಗೆ ಬಂದ. ಮೊದಲು ಅಪ್ಪನನ್ನು ಮೇಲೆತ್ತಿ ಎಂದು ಗಾಶ್ಪರ್ ಕೆಳಗಿನಿಂದ ಹೇಳಿದ. ಉಸಿರಿರುವವನು ಮೊದಲು, ಇದು ವಿಂಕೊ ಕಲಿಸಿದ್ದೇ ಎಂದು ಆಂಜೆ ಅವನ ಬಾಯಿ ಮುಚ್ಚಿಸಿದ. ಇಬ್ಬರನ್ನೂ ಮೇಲೆತ್ತಿ, ಎಲ್ಲರೂ ಲಾರ್ಚ್ ತೋಪು ಸೇರಿ ಹತ್ತು ನಿಮಿಷವಾಗಿರಲಿಲ್ಲ, ಗೋಡೆಯ ಉಳಿದ ಹಿಮವೂ ಇಳಿದು ಬಂದು ಒಂಬತ್ತನೆಯ ಬಾವಿಯನ್ನು ಮುಚ್ಚಿತು.

*

ವಿಂಕೊನನ್ನು ಶನಿವಾರ ಮಣ್ಣು ಮಾಡಿದರು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಮಾರ್ಯೇತಾ ಗುಂಡಿಯ ಅಂಚಿನಲ್ಲಿ ತಿರುಗಿ ನಿಂತು, ಇಡೀ ಊರಿನ ಎದುರು ಆ ಎರಡು ಗಂಟೆ ಹತ್ತು ನಿಮಿಷದ ಕಥೆ ಹೇಳಿದಳು. ಒಂದು ಮಾತನ್ನೂ ಮರೆಮಾಚಲಿಲ್ಲ. ಕೆಲವರು ಅವಳ ಕೈ ಕುಲುಕದೆ ಹೋದರು. ಹೋದ ವರ್ಷ ಗಾಶ್ಪರನ ಕೋಲು ಕಿತ್ತುಕೊಂಡಿದ್ದ ಮುದುಕನೊಬ್ಬ ಅವನ ಎದುರಿಗೆ ಬಂದು ಟೋಪಿ ತೆಗೆದು, ತಲೆಬಾಗಿ ಹೋದ.

ಪೊಲೋನಾ ಅಮ್ಮನನ್ನು ಕ್ಷಮಿಸಿದಳೇ? ಆ ದಿನ ಇಲ್ಲ. ಆದರೆ ಸ್ಮಶಾನದಿಂದ ಮನೆಯವರೆಗೆ ಅವಳ ತೋಳು ಹಿಡಿದು ನಡೆಸಿಕೊಂಡು ಬಂದಳು. ಗೇಟಿನ ಬಳಿ ಮಾರ್ಯೇತಾ ನಿಂತಾಗ, ನಡಿ ಅಮ್ಮ, ಚಳಿ ಇದೆ ಎಂದಳು. ಅಷ್ಟೇ.

ಗಾಶ್ಪರ್ ಊಟಕ್ಕೆ ಬರಲಿಲ್ಲ. ಮುರಿದ ಭುಜದಿಂದ ಕಾರು ಓಡಿಸಲಾಗದು. ನಾಲ್ಕರ ಬಸ್ಸಿಗೆ ಹೊರಡುತ್ತಾನಂತೆ ಎಂದು ಆಂಜೆ ಹೇಳಿದ. ಪೊಲೋನಾ ಕಪ್ಪು ಉಡುಪಿನಲ್ಲೇ ಸೇತುವೆಯವರೆಗೆ ಓಡಿದಳು.

ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ, ತೋಳನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡು ಕೂತಿದ್ದ. ಅವಳು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಳು. ಕೆಳಗೆ ನದಿ ಇನ್ನೂ ಕೆಂಪಗೆ ಹರಿಯುತ್ತಿತ್ತು.

"ಹೇಳದೆ ಹೊರಟುಬಿಟ್ಯಾ?"

"ಹೇಳೋಕೆ ಬಂದ್ರೆ ಹೊರಡಕ್ಕಾಗಲ್ಲ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಹೊರಡ್ಬೇಕು?"

ಅವನು ನದಿಯನ್ನೇ ನೋಡುತ್ತಿದ್ದ. "ನಾನು ಅವತ್ತು ಬೆಟ್ಟಕ್ಕೆ ಹೋಗದೇ ಇದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ನನ್ನ ಮುಖ ನೋಡಿದಾಗಲೆಲ್ಲ ನಿನಗೆ ಆ ದಿನ ನೆನಪಾಗುತ್ತೆ ಪೊಲೋನಾ."

"ಆಗುತ್ತೆ," ಎಂದಳು ಅವಳು. "ನೀನಿಲ್ದೇ ಇದ್ರೂ ಆಗುತ್ತೆ. ನೀನಿದ್ರೆ, ಆಗ ನನ್ ಜೊತೆ ಒಬ್ರು ಇರ್ತಾರೆ."

ಅವನು ತಿರುಗಿ ಅವಳನ್ನು ನೋಡಿದ. ಕಣ್ಣು ತುಂಬಿತ್ತು. ಬಸ್ಸು ತಿರುವಿನಲ್ಲಿ ಕಾಣಿಸಿತು. ಹತ್ತಿರ ಬಂದು ನಿಂತು ಬಾಗಿಲು ತೆರೆಯಿತು. ಚಾಲಕ ಸ್ಟೀರಿಂಗ್ ಮೇಲೆ ಮೊಣಕೈಯೂರಿ ಇಬ್ಬರನ್ನೂ ನೋಡಿದ.

"ನೀವು ಹೊರಡಿ," ಎಂದಳು ಪೊಲೋನಾ ಚಾಲಕನಿಗೆ. "ಇವರು ಬರಲ್ಲ."

"ನಾನಿನ್ನೂ ಹೇಳಿಲ್ಲ," ಎಂದ ಗಾಶ್ಪರ್.

"ಹಾಗಾದ್ರೆ ಹೇಳು."

ಅವನು ಪೆಟ್ಟಾಗದ ಕೈಯಿಂದ ಅವಳ ಕೈ ಹಿಡಿದುಕೊಂಡ. ಚಾಲಕನ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತ ಹೇಳಿದ:

"ಬರಲ್ಲ."